ಒಂದು ರಾತ್ರಿ ತಡೆದ ಸಹಿ

ನಮ್ಮ ಕಡೆ ಒಬ್ಬ ರಾಜಕಾರಣಿಯನ್ನು ಪ್ರಾಮಾಣಿಕ ಎಂದು ಹೊಗಳಬೇಕಾದರೆ ‘ರೊಕ್ಕಕ್ಕ ಕೈ ಹಚ್ಚಿದವರಲ್ಲ’ ಎನ್ನುತ್ತಾರೆ. ಇಂದಿನ ದಿನಮಾನದಲ್ಲಿ ಅದು ಸಣ್ಣ ಹೊಗಳಿಕೆಯೇನೂ ಅಲ್ಲ. ಆದರೂ ಹಳೆಯ ಕಾಗದಪತ್ರಗಳ ನಡುವೆ ಕೂತು ಓದುವಾಗ ಆ ಒಂದು ಮಾತಿನಿಂದ ಕೆಲಸ ಪೂರ್ತಿಯಾಗುವುದಿಲ್ಲ ಎಂಬುದು ಅರಿವಿಗೆ ಬರುತ್ತದೆ. ರೊಕ್ಕ ಮುಟ್ಟದವನೂ ತನ್ನ ಖುರ್ಚಿಯ ವಿಷಯ ಬಂದಾಗ ತನಗೆ ತಾನೇ ಸುಳ್ಳು ಹೇಳಿಕೊಳ್ಳಬಲ್ಲ. ತಾನು ಕೂತಿರುವ ಜಾಗವನ್ನು ತಾನೇ ಇಲ್ಲವಾಗಿಸಬೇಕಾದ ಕಾಗದ ಎದುರಿಗೆ ಬಂದಾಗ ಒಬ್ಬ ಮನುಷ್ಯ ಏನು ಮಾಡುತ್ತಾನೆ? ಈ ಪ್ರಶ್ನೆಯನ್ನು ಕೇಳಲು ನಮ್ಮ ಬಾಗಲಕೋಟೆ ಜಿಲ್ಲೆಯಷ್ಟು ಒಳ್ಳೆಯ ಜಾಗ ಕರ್ನಾಟಕದಲ್ಲಿ ಇನ್ನೊಂದಿರಲಾರದು. ಅದಕ್ಕೆ ಮುಖ್ಯ ಕಾರಣ ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಸಪ್ಪ ದಾನಪ್ಪ ಜತ್ತಿ. ಅವರ ಎರಡು ಸಹಿಗಳ ನಡುವೆ ಇಪ್ಪತ್ತೊಂಬತ್ತು ವರ್ಷಗಳ ಅಂತರವಿದೆ. ಮೊದಲನೆಯ ಸಹಿಯ ಬಗ್ಗೆ ಬರೆಯುವುದು ಸುಲಭ, ಹಿತಕರ ಕೂಡ. ಎರಡನೆಯದು ಹಾಗಲ್ಲ.

ಮೊದಲು ನೆಲದ ನಕ್ಷೆ ಒಂದಿಷ್ಟು ಬೇಕು. ಇಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳನ್ನು ಒಂದೇ ದಿನದಲ್ಲಿ ಬಸ್ಸಿನಲ್ಲಿ ಸುತ್ತಿ ಬರಬಹುದು. ಸ್ವಾತಂತ್ರ್ಯ ಬಂದ ದಿನ ಇವು ನಾಲ್ಕು ಬೇರೆ ಬೇರೆ ಆಡಳಿತಗಳಲ್ಲಿದ್ದವು. ಜಮಖಂಡಿ ಪಟವರ್ಧನರದು; 1811ರಲ್ಲಿ ಪಟವರ್ಧನ ಮನೆತನದ ಜಹಗೀರು ಪಾಲಾದಾಗ ಹುಟ್ಟಿದ ಸಂಸ್ಥಾನ. ಮುಧೋಳ ಘೋರ್ಪಡೆಯವರದು. ಬೀಳಗಿ ನೇರವಾಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ರಬಕವಿ ದೂರದ ಸಾಂಗ್ಲಿಯ ಸಂಸ್ಥಾನಕ್ಕೆ, ಅದಕ್ಕೆ ಅಂಟಿಕೊಂಡೇ ಇರುವ ಬನಹಟ್ಟಿ ಜಮಖಂಡಿಗೆ. ಒಂದೇ ಬಗೆಯ ಮಗ್ಗ, ಒಂದೇ ಬಗೆಯ ಸೀರೆ, ಒಂದೇ ಮಾತು. ನೂಲಿನ ಗಂಟು ಈ ಊರಿನಿಂದ ಆ ಊರಿಗೆ ಹೋದರೆ ರಾಜ್ಯ ದಾಟಿದಂತೆ. ಜಮಖಂಡಿ ಸಂಸ್ಥಾನವೆಂದರೂ ಒಂದು ತುಂಡು ಭೂಮಿಯಲ್ಲ. ಸವಾಯಿ ಗಂಧರ್ವರ ಕುಂದಗೋಳ ಕೂಡ ಜಮಖಂಡಿಗೇ ಸೇರಿತ್ತು. ಎಲ್ಲ ಕೂಡಿಸಿದರೆ 524 ಚದರ ಮೈಲಿ. 1901ರ ಗಣತಿಯಲ್ಲಿ 1,05,357 ಜನ. ಇವತ್ತಿನ ಒಂದು ದೊಡ್ಡ ತಾಲ್ಲೂಕಿನ ಲೆಕ್ಕ. ಆದರೆ ರಾಜರಿದ್ದರು, ದರಬಾರು ಇತ್ತು, ದಿವಾನರಿದ್ದರು, ಕೊನೆಗಾಲದಲ್ಲಿ ಒಂದು ಶಾಸನಸಭೆಯೂ ಇತ್ತು. ಪ್ರೌಢಶಾಲೆಯೂ ಇತ್ತು; ಗುರುದೇವ ರಾನಡೆಯವರು ಓದಿದ್ದು ಅಲ್ಲೇ. ಸಣ್ಣ ಸಂಸ್ಥಾನಗಳನ್ನು ನಗೆಯಾಡುವ ಮುನ್ನ ಇದನ್ನೂ ನೆನೆಯಬೇಕು.

ಜತ್ತಿಯವರು ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು. ತಂದೆ ಸಣ್ಣ ಕಿರಾಣಿ ವ್ಯಾಪಾರಿ. ಕೊಲ್ಲಾಪುರದಲ್ಲಿ ಕಾನೂನು ಓದಿ ಜಮಖಂಡಿಯಲ್ಲಿ ವಕೀಲಿ ಶುರು ಮಾಡಿದರು. 1940ರಲ್ಲಿ ಪುರಸಭೆಯ ಸದಸ್ಯ, 1945ರಲ್ಲಿ ಅದರ ಅಧ್ಯಕ್ಷ, ಆಮೇಲೆ ಸಂಸ್ಥಾನದ ಶಾಸನಸಭೆ, ಅಲ್ಲಿಂದ ಮಂತ್ರಿಗಿರಿ, 1948ರಲ್ಲಿ ದಿವಾನಗಿರಿ. ದಿವಾನ ಎಂದರೆ ಸಂಸ್ಥಾನದ ಮುಖ್ಯಮಂತ್ರಿ. ಕಿರಾಣಿ ಅಂಗಡಿಯವರ ಮಗ, ಪಟವರ್ಧನರ ದರಬಾರಿನಲ್ಲಿ ಕನ್ನಡ ಮನೆಯ ಹುಡುಗ, ಮೂವತ್ತೈದನೆಯ ವಯಸ್ಸಿಗೆ ಆ ಸ್ಥಾನಕ್ಕೆ ಬಂದದ್ದು ಆಗಿನ ಕಾಲಕ್ಕೆ ಎಷ್ಟು ದೊಡ್ಡ ಏರಿಕೆ ಎಂಬುದನ್ನು ನಾವು ಊಹಿಸಿಕೊಳ್ಳಬೇಕು. ಮುಂದೆ ಅವರು ಏರಿದ ಎತ್ತರಗಳನ್ನು ನೋಡಿದವರಿಗೆ ಇದು ಮೊದಲ ಮೆಟ್ಟಿಲಿನಂತೆ ಕಾಣಬಹುದು. ಆದರೆ 1948ರಲ್ಲಿ ನಿಂತು ನೋಡಿದರೆ ಮುಂದಿನ ಮೆಟ್ಟಿಲುಗಳು ಯಾರಿಗೂ ಕಾಣುತ್ತಿರಲಿಲ್ಲ. ಅದು ಮೊದಲನೆಯದೂ ಹೌದು, ಕೊನೆಯದೂ ಆಗಬಹುದಿತ್ತು.

ಅಂಥ ಹೊತ್ತಿನಲ್ಲಿ ಅವರು ಸಹಿ ಹಾಕಿದ ದಸ್ತಾವೇಜು ಅದೇ ದಿವಾನಗಿರಿಯನ್ನು ನುಂಗುವಂಥದ್ದು. ಸಂಸ್ಥಾನವನ್ನು ಭಾರತಕ್ಕೆ ಒಪ್ಪಿಸುವ ಪತ್ರಕ್ಕೆ ರಾಜ ಶಂಕರರಾವ್ ಪಟವರ್ಧನರ ಜೊತೆ ದಿವಾನರಾಗಿ ಜತ್ತಿಯವರೂ ಸಹಿ ಹಾಕಿದರು. 1948ರ ಮಾರ್ಚ್ 8ರಂದು ಜಮಖಂಡಿ ಮುಂಬಯಿ ಪ್ರಾಂತದೊಳಗೆ ಕರಗಿತು. ರಾಜರು ರಾಜರಾಗಿ ಉಳಿಯಲಿಲ್ಲ, ದಿವಾನರು ದಿವಾನರಾಗಿ ಉಳಿಯಲಿಲ್ಲ. ಜತ್ತಿಯವರು ಮತ್ತೆ ಕರಿಕೋಟು ಹಾಕಿಕೊಂಡು ಕೋರ್ಟಿಗೆ ಹೊರಟರು. ಹಾಗೆ ಇಪ್ಪತ್ತು ತಿಂಗಳು.

ಈ ಇಪ್ಪತ್ತು ತಿಂಗಳು ನನಗೆ ಅವರ ಜೀವನದ ಅತಿ ಮುಖ್ಯ ಭಾಗವೆನಿಸುತ್ತದೆ. ಸಂಸ್ಮರಣ ಗ್ರಂಥಗಳ ಮಾದರಿಯ ಬರವಣಿಗೆಯಲ್ಲಿ ಇದಕ್ಕೆ ಅರ್ಧ ವಾಕ್ಯ ಸಿಕ್ಕರೆ ಹೆಚ್ಚು. ಹುದ್ದೆಗಳ ಪಟ್ಟಿಯಲ್ಲಿ ಖಾಲಿ ಜಾಗಗಳಿಗೆ ಬೆಲೆಯಿಲ್ಲ. ನಿನ್ನೆಯವರೆಗೆ ದಿವಾನಸಾಹೇಬರೆಂದು ಎದ್ದು ನಿಲ್ಲುತ್ತಿದ್ದ ಗುಮಾಸ್ತರ ಮುಂದೆ ಇವತ್ತು ವಕೀಲರಾಗಿ ತಾರೀಖು ಕೇಳುತ್ತ ನಿಲ್ಲುವುದು ಊರಿನೊಳಗಿನ ಸಂಗತಿ. ದಿಲ್ಲಿಯಲ್ಲಿ ಅಧಿಕಾರ ಕಳೆದುಕೊಳ್ಳುವುದಕ್ಕೂ ಜಮಖಂಡಿಯಂಥ ಊರಿನಲ್ಲಿ ಕಳೆದುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಇಲ್ಲಿ ದಿನಾ ಅದೇ ಜನ, ಅದೇ ಬಜಾರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿಲೀನವನ್ನು ಬರಿಯ ತ್ಯಾಗದ ಕತೆಯಾಗಿ ಹೇಳಿದರೆ ಅದು ಪೂರ್ತಿ ನಿಜವಲ್ಲ. ಆ ವರ್ಷ ಜನವರಿ 30ರಂದು ಗಾಂಧೀಜಿಯ ಹತ್ಯೆಯಾದ ಮೇಲೆ ದಕ್ಷಿಣ ಮಹಾರಾಷ್ಟ್ರದ ಸಂಸ್ಥಾನಗಳಲ್ಲಿ ಬ್ರಾಹ್ಮಣರ ಮನೆಗಳ ಮೇಲೆ ದಾಳಿಗಳಾದವು, ಬೆಂಕಿ ಬಿದ್ದಿತು. ಪಟವರ್ಧನ ಮನೆತನಗಳ ಸಾಂಗ್ಲಿ, ಮೀರಜಗಳ ಸುತ್ತಿನಲ್ಲೇ ಅದರ ಬಿಸಿ ಹೆಚ್ಚಿತ್ತು. ಆಮೇಲೆ ಸಣ್ಣ ರಾಜರ ಕೈಯಲ್ಲಿ ಆಡಳಿತ ಉಳಿಯುವುದು ಕಷ್ಟವೆಂಬುದು ಎಲ್ಲರಿಗೂ ಗೊತ್ತಿತ್ತು. ಅದಕ್ಕೂ ಮೊದಲೇ ಈ ಭಾಗದ ಹಲವು ರಾಜರು ಸೇರಿ ತಮ್ಮದೇ ಒಂದು ಒಕ್ಕೂಟ ಕಟ್ಟುವ ಪ್ರಯತ್ನ ನಡೆಸಿದ್ದರು, ಅದು ನಿಲ್ಲಲಿಲ್ಲ. ರಾಜರಿಗೆ ರಾಜಧನದ ಭರವಸೆಯಿತ್ತು. ಅದು ನಿಂತದ್ದು 1971ರಲ್ಲಿ. ದಿವಾನರಿಗೆ ಅಂಥದ್ದೇನೂ ಇರಲಿಲ್ಲ. ಮಾರ್ಚ್ 8ರಂದು ಕೊಲ್ಲಾಪುರವೊಂದನ್ನು ಬಿಟ್ಟು ದಖ್ಖನಿನ ಸಂಸ್ಥಾನಗಳೆಲ್ಲ ಮುಂಬಯಿಗೆ ಸೇರಿದವು. ಮುಧೋಳವೂ ಸೇರಿತು, ಸಾಂಗ್ಲಿಯ ರಬಕವಿಯೂ ಸೇರಿತು. ಎಲ್ಲರೂ ಬಿಡುತ್ತಿದ್ದಾಗ ಬಿಟ್ಟದ್ದನ್ನು ಹೇಗೆ ತೂಗುವುದು?

ನನ್ನ ಮಟ್ಟಿಗೆ ಉತ್ತರ ಇಷ್ಟು: ಒತ್ತಡವಿತ್ತೆಂದ ಮಾತ್ರಕ್ಕೆ ಬೆಲೆ ತೆತ್ತದ್ದು ಸುಳ್ಳಾಗುವುದಿಲ್ಲ. ಜತ್ತಿಯವರು ಪ್ರಜಾಪ್ರತಿನಿಧಿಯಾಗಿ ದಿವಾನರಾದವರು. ರಾಜಸತ್ತೆ ಹೋಗಲಿ, ಜನಾಡಳಿತ ಬರಲಿ ಎಂಬ ಮಾತನ್ನು ಜನ ಆಡಿದ್ದರು. ಆ ಮಾತು ನಿಜವಾಗುವ ದಿನ ಬಂದಾಗ ಮೊದಲು ಹೋಗಬೇಕಾದ್ದು ಅವರದೇ ಖುರ್ಚಿ ಎಂಬುದನ್ನು ಅವರು ಒಪ್ಪಿದರು. ಆಡಿದ ಮಾತು ತಿರುಗಿ ಬಂದು ಬಾಗಿಲು ಬಡಿದಾಗ ಒಳಗಿಂದ ಅಗುಳಿ ಹಾಕಿಕೊಳ್ಳಲಿಲ್ಲ. ಅಷ್ಟು ಸಾಕು.

ಮುಂದಿನದು ಬೇಗ ಹೇಳಿ ಮುಗಿಸಬಹುದು. ವಿಲೀನವಾದ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ನಾಮಕರಣ, ಬಿ.ಜಿ. ಖೇರರಿಗೆ ಸಂಸದೀಯ ಕಾರ್ಯದರ್ಶಿ, 1952ರ ಚುನಾವಣೆಯ ಮೇಲೆ ಮೊರಾರ್ಜಿ ದೇಸಾಯಿ ಸಂಪುಟದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿ. ಈ ಮೊರಾರ್ಜಿಯವರ ಹೆಸರನ್ನು ನೆನಪಿನಲ್ಲಿಡಿ. 1956ರಲ್ಲಿ ಏಕೀಕರಣವಾದಾಗ ಮೈಸೂರು ರಾಜ್ಯಕ್ಕೆ ಬಂದು ಭೂಸುಧಾರಣಾ ಸಮಿತಿಯ ಅಧ್ಯಕ್ಷರಾದರು. 1958ರ ಮೇ 16ರಂದು, ನಿಜಲಿಂಗಪ್ಪನವರು ಇಳಿದ ಮೇಲೆ, ಟಿ. ಸುಬ್ರಹ್ಮಣ್ಯರಂಥ ಹಿರಿಯರೊಡನೆ ಸೆಣಸಿ ಗೆದ್ದು ಮುಖ್ಯಮಂತ್ರಿಯಾದರು. 1962ರ ಚುನಾವಣೆಯ ನಂತರ ಆ ಸ್ಥಾನ ಹೋಯಿತು. ಆ ವರ್ಷವೇ ಅದೇ ರಾಜ್ಯದಲ್ಲಿ ಇನ್ನೊಬ್ಬರ ಕೆಳಗೆ ಹಣಕಾಸು ಮಂತ್ರಿಯಾದರು. ಮುಖ್ಯಮಂತ್ರಿಯಾಗಿದ್ದವರು ಮಂತ್ರಿಯಾಗುವುದು ಇಂದಿಗೂ ಅಪರೂಪ.

1962ರ ಮಾತು ಬಂದಾಗ ನಮ್ಮ ಜಿಲ್ಲೆಯ ಇನ್ನಿಬ್ಬರನ್ನು ಬಿಟ್ಟು ಮುಂದೆ ಹೋಗಲಾಗದು. ಆ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದಿತು, ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಆಗ ಮುಖ್ಯಮಂತ್ರಿಯಾದವರು ಹುನಗುಂದದ ಎಸ್.ಆರ್. ಕಂಠಿ, ಹುಟ್ಟೂರು ಬಾದಾಮಿ ತಾಲ್ಲೂಕಿನ ಕೆರಕಲಮಟ್ಟಿ. ಅದುವರೆಗೆ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದವರು. ಮಾರ್ಚ್ 14ರಿಂದ ಜೂನ್ 20ರವರೆಗೆ ಅವರ ಆಡಳಿತ. ಬಾಗಲಕೋಟೆಯ ಶಾಸಕ ಬಿ.ಟಿ. ಮುರನಾಳರು ತಮ್ಮ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು, ನಿಜಲಿಂಗಪ್ಪನವರು ಅಲ್ಲಿಂದ ಗೆದ್ದು ಬಂದರು, ಕಂಠಿಯವರು ಖುರ್ಚಿ ಬಿಟ್ಟು ಕೊಟ್ಟರು. ಕೊಟ್ಟ ಮಾತಿಗೆ ತಪ್ಪಲಿಲ್ಲ ಎಂದು ಅವರನ್ನು ರಾಮಾಯಣದ ಭರತನಿಗೆ ಹೋಲಿಸುವವರಿದ್ದಾರೆ. ಹೋಲಿಕೆ ಚೆಂದವೇ, ಆದರೆ ನನಗೆ ಅಷ್ಟು ಒಗ್ಗುವುದಿಲ್ಲ. ಮುಖ್ಯಮಂತ್ರಿಯ ಖುರ್ಚಿ ಯಾರ ಪಿತ್ರಾರ್ಜಿತವೂ ಅಲ್ಲ. ಹೊಸದುರ್ಗದ ಮತದಾರರು ಬೇಡವೆಂದವರಿಗಾಗಿ ಅದನ್ನು ಕಾದಿರಿಸಿದ್ದು ಪ್ರಜಾಪ್ರಭುತ್ವದ ದೃಷ್ಟಿಯಿಂದ ಪ್ರಶ್ನಾರ್ಹವೇ. ಹಾಗಿದ್ದೂ, ಕೈಗೆ ಬಂದ ಅಧಿಕಾರವನ್ನು ಮೂರು ತಿಂಗಳ ರುಚಿಯ ನಂತರ ಮಾತಿಗಾಗಿ ಬಿಟ್ಟು, ಮತ್ತೆ ಮಂತ್ರಿಯಾಗಿ ಶಿಕ್ಷಣ ಖಾತೆ ನೋಡಿದ ಮನುಷ್ಯನ ಎದುರು ನನ್ನ ಟೀಕೆ ಸ್ವಲ್ಪ ತಗ್ಗಿದ ದನಿಯಲ್ಲೇ ಬರುತ್ತದೆ. ವಿಜಾಪುರದ ಸೈನಿಕ ಶಾಲೆ ಶುರುವಾದದ್ದು ಆ ಮುಂದಿನ ವರ್ಷ, 1963ರಲ್ಲಿ. ಮುರನಾಳರನ್ನು ಹೊರಗಿನವರು ನೆನೆಯುವುದು ತೀರ ಕಡಿಮೆ. ಭರತನ ಕತೆಯಲ್ಲಿ ಅವರಿಗೆ ಪಾತ್ರವೇ ಇಲ್ಲವಲ್ಲ.

ಇನ್ನು ಎರಡನೆಯ ಸಹಿ.

ಜತ್ತಿಯವರು ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್ ಆದರು, ಒಡಿಶಾದ ರಾಜ್ಯಪಾಲರಾದರು, 1974ರ ಆಗಸ್ಟ್ 31ರಂದು ದೇಶದ ಉಪರಾಷ್ಟ್ರಪತಿಯಾದರು. ಮರುವರ್ಷ ಜೂನ್ 25ರಂದು ತುರ್ತುಪರಿಸ್ಥಿತಿ. ಅಂದು ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಘೋಷಣೆಗೆ ಸಹಿ ಹಾಕಿದಾಗ ಸಂಪುಟದ ಸಭೆಯೇ ಆಗಿರಲಿಲ್ಲ. ಮಂತ್ರಿಗಳಿಗೆ ವಿಷಯ ತಿಳಿಸಿದ್ದು ಮರುದಿನ ಬೆಳಗಿನ ಸಭೆಯಲ್ಲಿ. 1977ರ ಫೆಬ್ರವರಿ 11ರಂದು ಅವರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಸಂವಿಧಾನದ ಪ್ರಕಾರ ಉಪರಾಷ್ಟ್ರಪತಿಯೇ ಹಂಗಾಮಿ ರಾಷ್ಟ್ರಪತಿ. ಸಾವಳಗಿಯ ಕಿರಾಣಿ ಅಂಗಡಿಯಿಂದ ಹೊರಟವರು ರಾಷ್ಟ್ರಪತಿ ಭವನದ ಮೇಜಿನ ಮುಂದೆ ಬಂದು ಕೂತರು. ಒಂದು ತಿಂಗಳಿಗೆ ಚುನಾವಣೆ. ಉತ್ತರ ಪ್ರದೇಶದ 85ರಲ್ಲಿ, ಬಿಹಾರದ 54ರಲ್ಲಿ ಕಾಂಗ್ರೆಸ್ಸಿಗೆ ಒಂದೇ ಒಂದು ಲೋಕಸಭಾ ಸ್ಥಾನವೂ ಸಿಗಲಿಲ್ಲ. ಕರ್ನಾಟಕ ಮಾತ್ರ ಎದುರು ದಿಕ್ಕಿಗೆ ಹೋಯಿತು; ಇಲ್ಲಿ 28ರಲ್ಲಿ 26 ಕಾಂಗ್ರೆಸ್ಸಿಗೇ. ಮಾರ್ಚ್ 21ರಂದು ತುರ್ತುಪರಿಸ್ಥಿತಿ ಹಿಂತೆಗೆದ ಘೋಷಣೆಗೆ ಸಹಿ ಹಾಕಿದವರು ಜತ್ತಿ. ಮೂರು ದಿನದ ಮೇಲೆ ಹೊಸ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದವರೂ ಅವರೇ. ಆ ಪ್ರಧಾನಿ ಮೊರಾರ್ಜಿ ದೇಸಾಯಿ. ಕಾಲು ಶತಮಾನದ ಹಿಂದೆ ತಮ್ಮನ್ನು ಉಪಮಂತ್ರಿಯಾಗಿ ಇಟ್ಟುಕೊಂಡಿದ್ದವರು.

ಏಪ್ರಿಲ್ ಮಧ್ಯದಲ್ಲಿ ಗೃಹಮಂತ್ರಿ ಚರಣ್ ಸಿಂಗ್ ಒಂಬತ್ತು ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು: ನಿಮ್ಮ ವಿಧಾನಸಭೆ ವಿಸರ್ಜಿಸುವಂತೆ ರಾಜ್ಯಪಾಲರಿಗೆ ಸಲಹೆ ಕೊಡಿ, ಹೊಸದಾಗಿ ಜನರ ಮುಂದೆ ಹೋಗಿ. ಉತ್ತರ ಪ್ರದೇಶ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ, ಹರಿಯಾಣ, ಪಂಜಾಬ್, ಹಿಮಾಚಲ ಪ್ರದೇಶ, ಒಡಿಶಾ, ಪಶ್ಚಿಮ ಬಂಗಾಳ. ಎಲ್ಲವೂ ಕಾಂಗ್ರೆಸ್ ಆಡಳಿತದ ರಾಜ್ಯಗಳು. ಆರು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಮುಖ್ಯ ನ್ಯಾಯಮೂರ್ತಿ ಬೇಗ್ ಅವರಿದ್ದ ಏಳು ನ್ಯಾಯಮೂರ್ತಿಗಳ ಪೀಠ ಏಪ್ರಿಲ್ 29ರಂದು ಎಲ್ಲ ದಾವೆಗಳನ್ನೂ ಒಮ್ಮತದಿಂದ ವಜಾ ಮಾಡಿತು. ಆ ದಿನವೇ ಸಂಪುಟದ ಶಿಫಾರಸು ಹಂಗಾಮಿ ರಾಷ್ಟ್ರಪತಿಯ ಮೇಜಿಗೆ ಬಂತು.

ಜತ್ತಿಯವರು ಸಹಿ ಹಾಕಲಿಲ್ಲ. ಯೋಚಿಸಲು ಸಮಯ ಬೇಕೆಂದರು. ಒಂದು ರಾತ್ರಿ ಹಾಗೇ ಕಳೆಯಿತು. ದಿಲ್ಲಿಯಲ್ಲಿ ಅವರ ವಿರುದ್ಧ ಪ್ರತಿಭಟನೆ, ಪತ್ರಿಕೆಗಳಲ್ಲಿ ಗದ್ದಲ, ಮಾರನೆಯ ದಿನ ಸಂಪುಟದಿಂದ ಮತ್ತೊಮ್ಮೆ ಬಿಗಿಯಾದ ಸಲಹೆ. ಏಪ್ರಿಲ್ 30ರಂದು ಸಹಿ ಬಿತ್ತು. ಒಂಬತ್ತು ವಿಧಾನಸಭೆಗಳು ಹೋದವು.

ಈ ಒಂದು ರಾತ್ರಿಯನ್ನು ಹೇಗೆ ಓದಬೇಕು? ನಮ್ಮೂರಿನ ಕಡೆ ಇದಕ್ಕೆ ಸಿದ್ಧ ಉತ್ತರವಿದೆ: ಎಲ್ಲರೂ ರಬ್ಬರ್ ಸ್ಟಾಂಪ್ ಎನ್ನುವ ಹುದ್ದೆಯಲ್ಲಿ ಕೂತು ನಮ್ಮವರೊಬ್ಬರು ‘ತಡೀರಿ’ ಎಂದರು. ದಿಲ್ಲಿಯ ಆಗಿನ ಉತ್ತರವೂ ಸಿದ್ಧವಾಗಿಯೇ ಇತ್ತು: ಸೋತ ಪಕ್ಷದ ಮನುಷ್ಯ ತನ್ನವರಿಗಾಗಿ ಕಾಲ ತಳ್ಳುತ್ತಿದ್ದಾನೆ. ಸಂಶೋಧನೆ ಎಂದು ಹೊರಟವರಿಗೆ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಆಸೆ ಬಲವಾಗಿರುತ್ತದೆ. ಮೊದಲನೆಯದನ್ನು ಬರೆದರೆ ಊರಿನ ಸಭೆಗಳಲ್ಲಿ ಶಾಲು ಸಿಗುತ್ತದೆ, ಎರಡನೆಯದನ್ನು ಬರೆದರೆ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಜಾಣನೆಂಬ ಹೆಸರು. ಎರಡೂ ಸಾಲದು ಎಂಬುದು ನನ್ನ ಅಭಿಪ್ರಾಯ.

ಸಂಗತಿಗಳನ್ನು ಒಂದೊಂದಾಗಿ ನೋಡೋಣ. ಆ ಒಂಬತ್ತರಲ್ಲಿ ಉತ್ತರ ಪ್ರದೇಶ ಮತ್ತು ಒಡಿಶಾ ಬಿಟ್ಟು ಉಳಿದ ಏಳು ವಿಧಾನಸಭೆಗಳು 1972ರಲ್ಲಿ ಚುನಾಯಿತವಾದವು. ಅವುಗಳ ಐದು ವರ್ಷ ಆಗಲೇ ಮುಗಿದಿತ್ತು. ಅವು ಇನ್ನೂ ಬದುಕಿದ್ದದ್ದು ತುರ್ತುಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ಸಭೆಗಳ ಅವಧಿಯನ್ನು ಆರು ವರ್ಷಕ್ಕೆ ಎಳೆದದ್ದರಿಂದ. ಜನರ ಮುಂದೆ ಹೋಗಿ ಎಂದ ಚರಣ್ ಸಿಂಗರ ಮಾತಿನಲ್ಲಿ ಹಾಗಾದರೆ ನ್ಯಾಯವಿತ್ತು. ಇನ್ನೊಂದು ಕಡೆ, ಲೋಕಸಭೆಗೆ ಸೋತರೆಂಬ ಕಾರಣಕ್ಕೆ ರಾಜ್ಯದ ಚುನಾಯಿತ ಸರ್ಕಾರಗಳನ್ನು ಕೇಂದ್ರ ಕಿತ್ತುಹಾಕಬಹುದೆಂದರೆ ಒಕ್ಕೂಟ ಎಂಬ ಮಾತಿಗೆ ಏನು ಉಳಿಯುತ್ತದೆ ಎಂಬ ಪ್ರಶ್ನೆಯೂ ಅಷ್ಟೇ ಘನವಾದದ್ದು. ಮೂರನೆಯ ಸಂಗತಿ ಇನ್ನೂ ಒರಟು. ರಾಷ್ಟ್ರಪತಿ ತೀರಿಕೊಂಡರೆ ಆರು ತಿಂಗಳೊಳಗೆ ಹೊಸ ರಾಷ್ಟ್ರಪತಿಯ ಆಯ್ಕೆಯಾಗಬೇಕು, ಆ ಚುನಾವಣೆಯಲ್ಲಿ ಮತ ಹಾಕುವವರು ಸಂಸದರು ಮತ್ತು ರಾಜ್ಯಗಳ ಶಾಸಕರು. ಹಳೆಯ ಸಭೆಗಳು ಉಳಿದರೆ ರಾಷ್ಟ್ರಪತಿ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ತೂಕ ಉಳಿಯುತ್ತದೆ, ಹೋದರೆ ಹೋಗುತ್ತದೆ. ಈ ಲೆಕ್ಕ ಜನತಾ ಪಕ್ಷಕ್ಕೂ ಗೊತ್ತಿತ್ತು, ಕಾಂಗ್ರೆಸ್ಸಿಗೂ ಗೊತ್ತಿತ್ತು. ಸಹಿ ಹಾಕಬೇಕಾದ ಮನುಷ್ಯ ಕೂತಿದ್ದು ಅದೇ ಖುರ್ಚಿಯ ಮೇಲೆ.

ಅಂದರೆ 1948ರ ಸ್ಥಿತಿಯೇ ಮತ್ತೆ ಬಂದಿತ್ತು, ಸಾವಿರ ಪಟ್ಟು ದೊಡ್ಡದಾಗಿ. ಜಮಖಂಡಿಯ ದಸ್ತಾವೇಜು ದಿವಾನರ ಖುರ್ಚಿಯನ್ನು ತೆಗೆಯುವಂಥದ್ದು. ದಿಲ್ಲಿಯ ಕಡತ, ಹಂಗಾಮಿ ಎಂಬ ಪದ ಎಂದಾದರೂ ಕಳಚಬಹುದೆಂಬ ಸಾಧ್ಯತೆಯನ್ನೇ ತೆಗೆಯುವಂಥದ್ದು. ಆ ಆಸೆ ಅವರಿಗಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಅವರ ಪ್ರಶ್ನೆಯೂ ಅವರ ಲಾಭವೂ ಒಂದೇ ದಿಕ್ಕಿಗೆ ಮುಖ ಮಾಡಿದ್ದವು. ಪ್ರಾಮಾಣಿಕ ಮನುಷ್ಯನಿಗೆ ಇದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ. ತನ್ನ ಮನಸ್ಸಾಕ್ಷಿ ಮಾತಾಡುತ್ತಿದೆಯೋ ತನ್ನ ಪಕ್ಷ ಮಾತಾಡುತ್ತಿದೆಯೋ ತನಗೇ ತಿಳಿಯುವುದು ಕಷ್ಟ. ಹೊರಗಿನವರಿಗಂತೂ ಎರಡರ ದನಿಯೂ ಒಂದೇ.

ಕಾನೂನು ಏನು ಹೇಳುತ್ತಿತ್ತು? ಅಲ್ಲಿ ಗೊಂದಲವಿರಲಿಲ್ಲ. 42ನೇ ತಿದ್ದುಪಡಿ 74ನೇ ವಿಧಿಯನ್ನು ಬದಲಿಸಿ, ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯಬೇಕೆಂದು ಕಟ್ಟಿಹಾಕಿತ್ತು. ಆ ತಿದ್ದುಪಡಿಯನ್ನು ರಾಜ್ಯಸಭೆ ಅಂಗೀಕರಿಸಿದ್ದು 1976ರ ನವೆಂಬರ್‌ನಲ್ಲಿ. ರಾಜ್ಯಸಭೆಯ ಸಭಾಪತಿ ಯಾರು? ಪದನಿಮಿತ್ತ ಉಪರಾಷ್ಟ್ರಪತಿ, ಅಂದರೆ ಜತ್ತಿಯವರೇ. ತಾವು ಸಭಾಪತಿಯಾಗಿದ್ದ ಸದನ ಹೆಣೆದ ಹಗ್ಗ ಐದೂವರೆ ತಿಂಗಳಲ್ಲಿ ತಮ್ಮ ಕೈಗೇ ಬಿತ್ತು. ಚರಿತ್ರೆಯಲ್ಲಿ ಇಂಥ ಅಣಕಗಳು ಬಹಳ ಸಿಗುತ್ತವೆ, ಆದರೆ ಇಷ್ಟು ಬೇಗ ತಿರುಗಿ ಬರುವುದು ಕಡಿಮೆ.

ನನ್ನ ಮುಖ್ಯ ತಕರಾರು ಇಲ್ಲಿದೆ, ಅದನ್ನು ಹೇಳದೆ ಜತ್ತಿಯವರ ಬಗ್ಗೆ ಬರೆದರೆ ಅದು ಊರಿನ ಹೆಮ್ಮೆಯ ಬರವಣಿಗೆಯಾದೀತು. ತುರ್ತುಪರಿಸ್ಥಿತಿಯ ಇಪ್ಪತ್ತೊಂದು ತಿಂಗಳು ಅವರು ದೇಶದ ಎರಡನೆಯ ಹುದ್ದೆಯಲ್ಲಿದ್ದರು. ವಿರೋಧ ಪಕ್ಷದ ಸಂಸದರು ಜೈಲಿನಲ್ಲಿದ್ದರು. ಹೊಸ ಪ್ರಧಾನಿಯಾದ ಮೊರಾರ್ಜಿಯವರೂ ಜೈಲಿನಿಂದಲೇ ಬಂದವರು. ಆ ಸದನವನ್ನು ಜತ್ತಿಯವರು ನಡೆಸಿದರು. ರಾಜೀನಾಮೆ ಕೊಡಲಿಲ್ಲ. ಚುನಾಯಿತ ಸಭೆಗಳ ಗೌರವದ ಪ್ರಶ್ನೆ 1977ರ ಏಪ್ರಿಲ್‌ನಲ್ಲಿ ಅಷ್ಟು ಭಾರವಾಗಿ ಕಂಡಿತೆಂದರೆ, 1976ರ ಜನವರಿಯಲ್ಲಿ ತಮಿಳುನಾಡಿನ ಕರುಣಾನಿಧಿ ಸರ್ಕಾರವನ್ನು ವಜಾ ಮಾಡಿದಾಗಲೂ ಕಾಣಬೇಕಿತ್ತು. ಆಗ ಸಹಿ ಅವರದಾಗಿರಲಿಲ್ಲ, ನಿಜ. ಬಾಯಿ ಅವರದೇ ಆಗಿತ್ತು. 1948ರಲ್ಲಿ ಖುರ್ಚಿಯನ್ನು ಅಷ್ಟು ಹಗುರಾಗಿ ಬಿಟ್ಟ ಮನುಷ್ಯ 1975ರಲ್ಲಿ ಅದನ್ನು ಬಿಡಲಿಲ್ಲ. ವಯಸ್ಸೋ, ಪಕ್ಷನಿಷ್ಠೆಯೋ, ಒಳಗಿದ್ದುಕೊಂಡೇ ಏನಾದರೂ ಉಳಿಸಬಹುದೆಂಬ ನಂಬಿಕೆಯೋ. ದೊಡ್ಡ ಹುದ್ದೆಯಲ್ಲಿರುವ ಒಳ್ಳೆಯವರೆಲ್ಲರಿಗೂ ಈ ಮೂರನೆಯ ನಂಬಿಕೆ ಇದ್ದೇ ಇರುತ್ತದೆ.

ಇಷ್ಟು ಹೇಳಿದ ಮೇಲೂ ಆ ರಾತ್ರಿಯನ್ನು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. 1975ರ ಜೂನ್ 25ರ ರಾತ್ರಿಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಒಬ್ಬ ರಾಷ್ಟ್ರಪತಿ ಸಂಪುಟದ ಸಲಹೆಯೇ ಇಲ್ಲದ ಕಾಗದಕ್ಕೆ, ಇಡೀ ದೇಶದ ಸ್ವಾತಂತ್ರ್ಯವನ್ನು ಅಮಾನತಿನಲ್ಲಿಡುವ ಕಾಗದಕ್ಕೆ, ಅದೇ ರಾತ್ರಿ ಸಹಿ ಹಾಕಿದರು. ಇನ್ನೊಬ್ಬರು ಪೂರ್ತಿ ಸಂಪುಟದ ಸಲಹೆ, ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಒಮ್ಮತ, ಬೀದಿಯ ಜನಾಭಿಪ್ರಾಯ ಎಲ್ಲವೂ ಒಂದು ಕಡೆ ಇದ್ದಾಗ ಒಂದು ರಾತ್ರಿ ತಡೆದರು. ತಡೆದು, ಕಾನೂನು ತಮ್ಮ ವಿರುದ್ಧ ಇದೆಯೆಂಬುದು ಖಚಿತವಾದಾಗ ಸಹಿ ಹಾಕಿದರು. ತಡೆಯದೆ ಹಾಕಿದ್ದರೆ ಹೊಸ ಸರ್ಕಾರದ ಮೆಚ್ಚುಗೆ ಸಿಗುತ್ತಿತ್ತು. ಹಾಕಲೇ ಇಲ್ಲವೆಂದಿದ್ದರೆ ಹಳೆಯ ಪಕ್ಷದಲ್ಲಿ ವೀರರಾಗುತ್ತಿದ್ದರು, ದೇಶಕ್ಕೆ ಸಾಂವಿಧಾನಿಕ ಬಿಕ್ಕಟ್ಟು ಬರುತ್ತಿತ್ತು. ಅವರು ಮಾಡಿದ್ದು ಎರಡೂ ಕಡೆಯವರಿಗೆ ಬೇಡವಾದದ್ದು. ಪ್ರಶ್ನೆ ಕೇಳಿದ್ದಕ್ಕೆ ಜನತಾದವರು ಒಪ್ಪಲಿಲ್ಲ, ಕೊನೆಗೆ ಸಹಿ ಹಾಕಿದ್ದರಿಂದ ಕಾಂಗ್ರೆಸ್ಸಿಗೆ ಉಪಯೋಗವಾಗಲಿಲ್ಲ. ಆ ಪ್ರಶ್ನೆಯಲ್ಲಿ ಅರ್ಧವಾದರೂ ಪ್ರಾಮಾಣಿಕತೆ ಇತ್ತೆಂದು ನಾನು ನಂಬುವುದು ಈ ಕಾರಣಕ್ಕೆ. ಶುದ್ಧ ಲೆಕ್ಕಾಚಾರದ ಮನುಷ್ಯ ಇಷ್ಟು ನಷ್ಟದ ದಾರಿಯನ್ನು ಆರಿಸಿಕೊಳ್ಳುತ್ತಿರಲಿಲ್ಲ.

ಜೂನ್ ತಿಂಗಳ ಚುನಾವಣೆಗಳಲ್ಲಿ ಒಂಬತ್ತರಲ್ಲಿ ಒಂದು ರಾಜ್ಯವೂ ಕಾಂಗ್ರೆಸ್ಸಿಗೆ ಉಳಿಯಲಿಲ್ಲ. ಜುಲೈಯಲ್ಲಿ ನೀಲಂ ಸಂಜೀವ ರೆಡ್ಡಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಜುಲೈ 25ರಂದು ಜತ್ತಿಯವರು ಆ ಮೇಜು ಬಿಟ್ಟು ಮತ್ತೆ ಉಪರಾಷ್ಟ್ರಪತಿಯ ಸ್ಥಾನಕ್ಕೆ ಬಂದು, 1979ರ ಆಗಸ್ಟ್‌ವರೆಗೆ ಇದ್ದು ನಿವೃತ್ತರಾದರು. 1980ರಲ್ಲಿ ಇಂದಿರಾ ಗಾಂಧಿ ಅಧಿಕಾರಕ್ಕೆ ಮರಳಿದ ಮೇಲೂ ಅವರಿಗೆ ಮತ್ತೆ ಹುದ್ದೆಗಳು ಬರಲಿಲ್ಲ. ಮೊದಲೇ ಕಟ್ಟಿದ್ದ ಬಸವ ಸಮಿತಿಯ ಕೆಲಸ ಉಳಿಯಿತು.

ಅವರ ಪ್ರಶ್ನೆ ಮಾತ್ರ ನಿವೃತ್ತವಾಗಲಿಲ್ಲ. 1980ರ ಫೆಬ್ರವರಿಯಲ್ಲಿ ಇಂದಿರಾ ಸರ್ಕಾರ ವಿರೋಧ ಪಕ್ಷಗಳಿದ್ದ ವಿಧಾನಸಭೆಗಳನ್ನು ವಿಸರ್ಜಿಸಿತು. ಎಷ್ಟು ಗೊತ್ತೆ? ಸರಿಯಾಗಿ ಒಂಬತ್ತು. 1977ರಲ್ಲಿ ಜನತಾ ಸರ್ಕಾರ ತೆರೆದ ಬಾಗಿಲಿನಿಂದಲೇ ಅದು ಒಳಗೆ ಬಂತು. ಆಮೇಲೆ 1989ರ ಏಪ್ರಿಲ್ 21ರಂದು ಕರ್ನಾಟಕದಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರ, ಬಹುಮತ ಸಾಬೀತುಪಡಿಸಲು ಸದನದ ಅವಕಾಶವನ್ನೂ ಕೊಡದೆ, ವಜಾ ಆಯಿತು. ಅವರು ಹೂಡಿದ ಮೊಕದ್ದಮೆಯಲ್ಲಿ 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು, ಸಂಸತ್ತು ಒಪ್ಪುವ ಮುನ್ನ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಉತ್ತರ ಕರ್ನಾಟಕದ ಒಬ್ಬರು ಮೇಜಿನ ಆ ಬದಿಯಲ್ಲಿ ಕೂತು ಕೇಳಿದ್ದನ್ನು ಇನ್ನೊಬ್ಬರು ಈ ಬದಿಯಲ್ಲಿ ನಿಂತು ಕೇಳಿ ಉತ್ತರ ಪಡೆದರು.

74ನೇ ವಿಧಿಯನ್ನೂ ಮತ್ತೆ ತಿದ್ದಲಾಯಿತು. ತಿದ್ದಿದ್ದು ಜನತಾ ಸರ್ಕಾರವೇ, 1978ರ 44ನೇ ತಿದ್ದುಪಡಿಯಲ್ಲಿ. ಸಂಪುಟದ ಸಲಹೆಯನ್ನು ಮರುಪರಿಶೀಲಿಸಿ ಎಂದು ರಾಷ್ಟ್ರಪತಿ ಒಂದು ಸಲ ಹಿಂದಕ್ಕೆ ಕಳಿಸಬಹುದು. ಮತ್ತೆ ಅದೇ ಸಲಹೆ ಬಂದರೆ ಸಹಿ ಹಾಕಬೇಕು. 1977ರ ಏಪ್ರಿಲ್ 29ರ ಸಂಜೆಯಿಂದ 30ರವರೆಗೆ ನಡೆದದ್ದೂ ಹೆಚ್ಚುಕಡಿಮೆ ಅದೇ. ಅಂದು ಅದು ಅವಿಧೇಯತೆ ಎನಿಸಿಕೊಂಡಿತ್ತು, ಈಗ ಸಂವಿಧಾನದ ವಾಕ್ಯ. 1997ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರವನ್ನು ವಜಾ ಮಾಡುವ ಶಿಫಾರಸು ಬಂದಾಗ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಆ ವಾಕ್ಯವನ್ನು ಬಳಸಿ ಕಡತ ಹಿಂದಿರುಗಿಸಿದರು, ಸಂಪುಟ ಅದನ್ನು ಅಲ್ಲಿಗೇ ಬಿಟ್ಟಿತು. ಅದೇ ವರ್ಷ ಆಗಸ್ಟ್ 15ರಂದು ಬಾಗಲಕೋಟೆ ಹೊಸ ಜಿಲ್ಲೆಯಾಗಿ, ಒಂದು ಕಾಲಕ್ಕೆ ನಾಲ್ಕು ಆಡಳಿತಗಳಲ್ಲಿ ಹಂಚಿಹೋಗಿದ್ದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಅದರೊಳಗೆ ಬಂದಿದ್ದವು. ಜತ್ತಿಯವರಿಗೆ ಆಗ ಎಂಬತ್ತೈದು ವರ್ಷ. ಅವರು ತೀರಿಕೊಂಡದ್ದು 2002ರ ಜೂನ್ 7ರಂದು, ಬೆಂಗಳೂರಿನಲ್ಲಿ.